ಸಪ್ಪಳಕ್ಕೆ ಎಂಥ ಬಣ್ಣ? ವೈಟ್, ಪಿಂಕ್, ಬ್ರೌನ್ ನಾಯ್ಸ್‌ಗಳ ಒಳಗುಟ್ಟು

ಬೇಸಿಗೆ ರಾತ್ರಿ ಮೂರು ಗಂಟೆ. ಕರೆಂಟ್ ಹೋಗುತ್ತದೆ. ಫ್ಯಾನು ಇನ್ನೊಂದು ನಾಲ್ಕು ಸುತ್ತು ತಿರುಗಿ ನಿಲ್ಲುತ್ತದೆ. ಧಗೆ ಏರುವುದಕ್ಕೆ, ಸೊಳ್ಳೆ ಬಂದು ಕಿವಿ ಹತ್ತಿರ ಹಾಡುವುದಕ್ಕೆ ಇನ್ನೂ ಐದು ನಿಮಿಷ ಬೇಕು. ಆದರೆ ಮನೆಮಂದಿಗೆಲ್ಲ ಆಗಲೇ ಎಚ್ಚರ. ಒಳಕೋಣೆಯಿಂದ ಅವ್ವನ ದನಿ ಬರುತ್ತದೆ: "ಕರೆಂಟ್ ಹೋತೇನೋ?"

ನಮ್ಮ ಮನೆ ಹುಬ್ಬಳ್ಳಿಯ ಗದಗ ರೋಡಿನ ಕಡೆ, ರೈಲ್ವೆ ವರ್ಕ್‌ಶಾಪಿಗೆ ಹತ್ತಿರ. ರಾತ್ರಿಯೆಲ್ಲ ಗೂಡ್ಸ್ ಗಾಡಿಗಳ ಓಡಾಟ, ಎಂಜಿನ್ ಹಾರ್ನು, ಡಬ್ಬಿಗೆ ಡಬ್ಬಿ ಬಡಿಯುವ ಧಡಲ್ ಸಪ್ಪಳ. ಹಾವೇರಿ ಕಡೆಯ ಹಳ್ಳಿಯಿಂದ ಬೀಗರು ಬಂದರೆ ಮೊದಲ ರಾತ್ರಿ ಅವರಿಗೆ ನಿದ್ದೆ ಇಲ್ಲ. "ನೀವರೆ ಹೆಂಗ ಮಲಗ್ತೀರಿ ಈ ಗದ್ಲದಾಗ?" ಅಂತ ಬೆಳಗ್ಗೆ ಚಹಾ ಕುಡಿಯುತ್ತಾ ಕೇಳುತ್ತಾರೆ. ನಮಗೆ ಅದು ಕೇಳಿಸುವುದೇ ಇಲ್ಲ. ಎಂಜಿನ್ ಹಾರ್ನಿಗೆ ಏಳದ ನಾವು ಫ್ಯಾನ್ ಸುಮ್ಮನಾದ ಕೂಡಲೇ ಏಳುತ್ತೇವೆ. ಸಪ್ಪಳ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಎಷ್ಟು ಬದಲಾಯಿತು ಅನ್ನುವುದನ್ನು ನಮ್ಮ ಮಿದುಳು ಜಾಸ್ತಿ ಗಮನಿಸುತ್ತದೆ. ಈ ಒಂದು ಮಾತು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಇದನ್ನು ಬರೆಯುವುದಕ್ಕೆ ಕಾರಣ ನನ್ನ ಅಕ್ಕನ ಮಗಳು. ಧಾರವಾಡದ ಸಪ್ತಾಪುರದಲ್ಲಿ ಪಿಜಿಯಲ್ಲಿದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಒಂದು ಭಾನುವಾರ ಮನೆಗೆ ಬಂದವಳು ಫೋನ್ ಮುಂದೆ ಹಿಡಿದಳು.

"ಮಾಮಾ, ಬ್ರೌನ್ ನಾಯ್ಸ್ ಹಚ್ಚಿಕೊಂಡು ಓದಿದ್ರ ಭಾಳ ಚೊಲೊ ತಲಿಗೆ ಹತ್ತತದಂತ. ಪಿಂಕ್ ಹಚ್ಚಿ ಮಲಗಿದ್ರ ನೆನಪಿನ ಶಕ್ತಿ ಹೆಚ್ಚಾಗ್ತದಂತ. ಖರೇ ಏನು?"

ಒಂದೇ ಸಮ 'ಸೊರ್ರ್' ಅನ್ನುವ ಸಪ್ಪಳ ಕೇಳಿಸುವ ಆ್ಯಪ್ ಅದು. ಅದರ ಪಟ್ಟಿಯಲ್ಲಿ ವೈಟ್ ಇತ್ತು, ಗ್ರೀನ್ ಇತ್ತು, ಬ್ಲೂ ಇತ್ತು. ಹುಬ್ಬಳ್ಳಿಯವರಿಗೆ ಇಷ್ಟು ಬಣ್ಣ ಒಟ್ಟಿಗೆ ಕಾಣುವುದು ರಂಗಪಂಚಮಿಗೆ ಮಾತ್ರ. ಅವಳಿಗೆ ಅವತ್ತು ಸರಿಯಾದ ಉತ್ತರ ಕೊಡಲಿಲ್ಲ. ಆಮೇಲೆ ಕೂತು ಓದಿದೆ, ಕೇಳಿದೆ, ಒಂದೆರಡು ರಾತ್ರಿ ಹಚ್ಚಿಯೂ ನೋಡಿದೆ.

ಸಾವಿರದ ಇಪ್ಪತ್ತಮೂರು ರೊಟ್ಟಿ

ಸಪ್ಪಳ ಅಂದರೆ ಗಾಳಿಯ ನಡುಕ. ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವುದನ್ನು ಹರ್ಟ್ಸ್ ಅನ್ನುತ್ತಾರೆ. ಕಡಿಮೆ ಹರ್ಟ್ಸ್ ಅಂದರೆ ದಪ್ಪ ದನಿ, ಡೊಳ್ಳಿನ ಹಾಗೆ. ಜಾಸ್ತಿ ಅಂದರೆ ಸಣ್ಣ ದನಿ, ಕುಕ್ಕರ್ ಸೀಟಿಯ ಹಾಗೆ. ಎಳೆ ವಯಸ್ಸಿನ ಒಳ್ಳೆಯ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ವಯಸ್ಸಾದ ಹಾಗೆ ಮೇಲಿನದು ಮೊದಲು ಹೋಗುತ್ತದೆ.

ಸಂಗೀತ ಗೊತ್ತಿದ್ದವರಿಗೆ ಇನ್ನೂ ಸುಲಭ. ಮಧ್ಯ ಸಪ್ತಕದ 'ಸ'ದಿಂದ ತಾರ ಸಪ್ತಕದ 'ಸ'ಕ್ಕೆ ಹೋದರೆ ಹರ್ಟ್ಸ್ ಸರಿಯಾಗಿ ಎರಡು ಪಟ್ಟಾಗುತ್ತದೆ. ಮನ್ಸೂರರು, ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು ಓಡಾಡಿದ ನೆಲದಲ್ಲಿ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. 20ರ ಎರಡು ಪಟ್ಟು 40, ಅದರ ಎರಡು ಪಟ್ಟು 80, ಹೀಗೆ ಹತ್ತು ಸಲ ಹತ್ತಿದರೆ 20,000ದ ಹತ್ತಿರ ಬರುತ್ತೇವೆ. ಅಂದರೆ ನಮ್ಮ ಕಿವಿಯ ಪೂರ್ತಿ ಅಳತೆ ಹತ್ತು ಸಪ್ತಕ. ಹತ್ತು ಮನೆಗಳ ಒಂದು ಓಣಿ ಅಂದುಕೊಳ್ಳಿ. ಮೊದಲನೇ ಮನೆಯಲ್ಲಿ ಗುಡುಗು, ಹತ್ತನೇ ಮನೆಯಲ್ಲಿ ಸೊಳ್ಳೆಗಿಂತ ಸಣ್ಣ ದನಿಗಳು.

ಈಗ ಈ ಓಣಿಗೆ 1,023 ಜೋಳದ ರೊಟ್ಟಿ ಹಂಚಬೇಕು. ರೊಟ್ಟಿ ಅಂದರೆ ಸಪ್ಪಳದ ಶಕ್ತಿ. ಬಣ್ಣ ಅನ್ನುವುದು ಹಂಚುವ ಲೆಕ್ಕ, ಅಷ್ಟೇ.

ವೈಟ್ ನಾಯ್ಸ್‌ನ ನಿಯಮ: ಪ್ರತಿ ಹರ್ಟ್ಸ್‌ಗೂ ಸಮಪಾಲು. ಕೇಳಲು ನ್ಯಾಯವಾಗಿದೆ. ಆದರೆ ಮೊದಲ ಮನೆಯಲ್ಲಿ ಇರುವುದು 20 ಹರ್ಟ್ಸ್ ಮಾತ್ರ, ಎರಡನೆಯದರಲ್ಲಿ 40, ಮೂರನೆಯದರಲ್ಲಿ 80. ಹತ್ತನೇ ಮನೆಯಲ್ಲಿ ಹತ್ತು ಸಾವಿರದ ಮೇಲೆ ಮಂದಿ ತುಂಬಿದ್ದಾರೆ. ಹಾಗಾಗಿ ಮೊದಲ ಮನೆಗೆ 1 ರೊಟ್ಟಿ, ಆಮೇಲೆ 2, 4, 8, 16, 32, 64, 128, 256, ಕೊನೆಗೆ ಹತ್ತನೇ ಮನೆಗೆ 512. ಅರ್ಧ ಬುಟ್ಟಿ ಅಲ್ಲೇ ಖಾಲಿ! ವೈಟ್ ನಾಯ್ಸ್ ಕಿವಿಗೆ ಚುರುಕು, ಸೀಳುವ ಹಾಗೆ 'ಸ್‌ಸ್‌ಸ್' ಅನ್ನಿಸುವುದು ಇದಕ್ಕೇ. ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣ ಇರುವ ಹಾಗೆ ಇದರಲ್ಲಿ ಎಲ್ಲ ಹರ್ಟ್ಸ್ ಇದೆ ಅಂತ ಆ ಹೆಸರು.

ಪಿಂಕ್ ನಾಯ್ಸ್ ಮನೆಗೊಂದು ಲೆಕ್ಕ ಹಿಡಿಯುತ್ತದೆ. ಮನೆಯಲ್ಲಿ ಎಷ್ಟು ಮಂದಿ ಇದ್ದರೂ ಸರಿ, ಹತ್ತೂ ಮನೆಗೆ ತಲಾ 102ರ ಆಸುಪಾಸು. ಹಾಗಾಗಬೇಕಾದರೆ ಹರ್ಟ್ಸ್ ಎರಡು ಪಟ್ಟಾದಾಗಲೆಲ್ಲ ಒಂದೊಂದು ಹರ್ಟ್ಸ್‌ಗೆ ಸಿಗುವ ಪಾಲು ಅರ್ಧ ಆಗಬೇಕು. ಅದನ್ನೇ ಎಂಜಿನಿಯರುಗಳು 'ಸಪ್ತಕಕ್ಕೆ 3 ಡೆಸಿಬೆಲ್ ಇಳಿತ' ಅನ್ನುತ್ತಾರೆ (ಡೆಸಿಬೆಲ್ ಅಂದರೆ ಸಪ್ಪಳದ ಜೋರಿನ ಅಳತೆ). ನಮ್ಮ ಕಿವಿಯೂ ಹೆಚ್ಚುಕಡಿಮೆ ಸಪ್ತಕದ ಲೆಕ್ಕದಲ್ಲೇ ಕೇಳುವುದರಿಂದ ಇದು ಹದವಾಗಿ ಕೇಳಿಸುತ್ತದೆ.

ಬ್ರೌನ್ ನಾಯ್ಸ್ ವೈಟ್‌ನ ಪೂರ್ತಿ ತಿರುವುಮುರುವು. ಮೊದಲ ಮನೆಗೆ 512, ಎರಡನೆಯದಕ್ಕೆ 256, ಇಳಿಯುತ್ತಾ ಇಳಿಯುತ್ತಾ ಹತ್ತನೇ ಮನೆಗೆ 1. ಇಲ್ಲಿ ಸಪ್ತಕಕ್ಕೆ 6 ಡೆಸಿಬೆಲ್ ಇಳಿತ. ದೂರದ ಜಲಪಾತ, ಬಸ್ಸಿನೊಳಗೆ ಕೂತಾಗ ಕೇಳುವ ಗಂಭೀರ ಗುಂಯ್‌ಗುಡುವಿಕೆ ನೆನಪಿಸಿಕೊಳ್ಳಿ.

ಫೋನ್ ಇಲ್ಲದೆಯೂ ಇದನ್ನು ಈಗಲೇ ಪರೀಕ್ಷೆ ಮಾಡಬಹುದು. ಕನ್ನಡಕ್ಕೆ ಶ, ಷ, ಸ ಅಂತ ಮೂರು ಅಕ್ಷರ ಇವೆಯಲ್ಲ? ಸ್ವರ ಸೇರಿಸದೆ ಉದ್ದಕ್ಕೆ 'ಸ್‌ಸ್‌ಸ್' ಅನ್ನಿ. ನಾಲಿಗೆ ಹಿಂದೆ ಸರಿಸಿ 'ಶ್‌ಶ್‌ಶ್'. ಇನ್ನೂ ಹಿಂದಕ್ಕೆ ಮಡಚಿ 'ಷ್‌ಷ್‌ಷ್'. ಸಪ್ಪಳ ಮೇಲಿನ ಮನೆಯಿಂದ ಕೆಳಗಿನ ಮನೆಗೆ ಇಳಿಯುವುದು ಗೊತ್ತಾಗುತ್ತದೆ. ಮೂರೂ ನಾಯ್ಸೇ. ಬಾಯಿಯ ಆಕಾರ ಬದಲಾದ ಹಾಗೆ ಬಣ್ಣ ಬದಲಾಯಿತು. ಶಾಲೆಯಲ್ಲಿ ಶ ಮತ್ತು ಷ ಬೇರೆ ಬೇರೆ ಹೇಳಿ ಅಂತ ಮಾಸ್ತರರು ಯಾಕೆ ಕಾಡುತ್ತಿದ್ದರು ಅಂತ ನನಗೆ ನಲವತ್ತು ದಾಟಿದ ಮೇಲೆ ತಿಳಿಯಿತು.

ಬ್ರೌನ್ ಅಂದರೆ ಕಂದು ಅಲ್ಲ

ಕೆಲವರು ಬ್ರೌನ್ ನಾಯ್ಸ್ ಅನ್ನು 'ಕಂದು ಶಬ್ದ' ಅಂತ ಕನ್ನಡಕ್ಕೆ ತರುತ್ತಾರೆ. ಅದು ತಪ್ಪು. ಬ್ರೌನ್ ಒಬ್ಬ ಮನುಷ್ಯನ ಹೆಸರು. ರಾಬರ್ಟ್ ಬ್ರೌನ್, ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ. 1827ರಲ್ಲಿ ಪರಾಗದ ಒಳಗಿನ ಸಣ್ಣ ಕಣಗಳನ್ನು ನೀರಲ್ಲಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಅವು ಒಂದು ಕ್ಷಣವೂ ಸುಮ್ಮನಿರದೆ ಅತ್ತಿತ್ತ ಅಲೆಯುವುದು ಕಂಡಿತು. ಯಾಕೆ ಅಂತ ಆತನಿಗೆ ತಿಳಿಯಲಿಲ್ಲ. ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುವುದೇ ಕಾರಣ ಅಂತ ಲೆಕ್ಕ ಹಾಕಿ ತೋರಿಸಿದ್ದು 1905ರಲ್ಲಿ ಐನ್‌ಸ್ಟೈನ್. ಕುಡಿದವನು ನಡೆದ ಹಾಗೆ: ಪ್ರತಿ ಹೆಜ್ಜೆ ಯಾವ ಕಡೆಗೋ ಗೊತ್ತಿಲ್ಲ, ಆದರೆ ಹೊರಡುವುದು ಹಿಂದಿನ ಹೆಜ್ಜೆ ನಿಂತ ಜಾಗದಿಂದಲೇ. ಆ ನಡಿಗೆಯನ್ನು ಸಪ್ಪಳ ಮಾಡಿದರೆ ಬ್ರೌನ್ ನಾಯ್ಸ್. ಬಣ್ಣದ ಲೆಕ್ಕದಲ್ಲಿ ಅದಕ್ಕೆ ರೆಡ್ ನಾಯ್ಸ್ ಅಂತ ಇನ್ನೊಂದು ಹೆಸರಿದೆ. ಬೆಳಕಿನಲ್ಲಿ ಕಡಿಮೆ ಕಂಪನದ್ದು ಕೆಂಪು. ಕೆಂಪಿಗೂ ಬಿಳಿಗೂ ನಡುವಿನದು ಗುಲಾಬಿ. ಪಿಂಕ್ ಅನ್ನುವ ಹೆಸರು ಅಲ್ಲಿಂದ.

ಉಳಿದ ಬಣ್ಣಗಳನ್ನು ಬೇಗ ಮುಗಿಸೋಣ. ಬ್ಲೂ ಮತ್ತು ವೈಲೆಟ್ ವೈಟ್‌ಗಿಂತಲೂ ಚುರುಕು. ಅವುಗಳ ಉಪಯೋಗ ಚಿತ್ರ, ಧ್ವನಿಗಳ ಡಿಜಿಟಲ್ ಕೆಲಸದಲ್ಲಿ. ಮಲಗುವ ಕೋಣೆಯಲ್ಲಿ ಅವಕ್ಕೆ ಕೆಲಸವಿಲ್ಲ. ಗ್ರೇ ಅಂದರೆ ಎಲ್ಲ ಹರ್ಟ್ಸ್ ನಮ್ಮ ಕಿವಿಗೆ ಒಂದೇ ಜೋರಲ್ಲಿ ಕೇಳುವ ಹಾಗೆ ತಿದ್ದಿದ್ದು. ಗ್ರೀನ್‌ಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಒಂದು ಆ್ಯಪ್‌ನ ಗ್ರೀನ್ ಇನ್ನೊಂದರಲ್ಲಿ ಬೇರೆ.

ನಿಜವಾದ ವೈಟ್ ನಾಯ್ಸ್ ಕೇಳಿದವರು ನಮ್ಮ ಪೀಳಿಗೆಯವರು. ದೂರದರ್ಶನ ಮುಗಿದ ಮೇಲೆ ಪರದೆ ತುಂಬ ಇರುವೆ ಹರಿದಾಡುತ್ತಿದ್ದವಲ್ಲ, ಜೊತೆಗೆ ಆ 'ಸೊರ್ರ್' ಸಪ್ಪಳ? ಆಂಟೆನಾ ತಿರುಗಿಸಲು ಮಾಳಿಗೆ ಹತ್ತಿ "ಬಂತೇನು?" ಅಂತ ಕೂಗುತ್ತಿದ್ದ ಕಾಲ. ಆ ಇರುವೆಗಳಲ್ಲಿ ಸುಮಾರು ನೂರಕ್ಕೆ ಒಂದು ಪಾಲು ವಿಶ್ವ ಹುಟ್ಟಿದ ಹೊತ್ತಿನ ಉಳಿಕೆ ಬೆಳಕಿನಿಂದ ಬಂದದ್ದು. ಅದೇ ಉಳಿಕೆಯನ್ನು ಪೆಂಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರು ಅಮೆರಿಕದಲ್ಲಿ ತಮ್ಮ ಆಂಟೆನಾದ ಹೋಗಲೊಲ್ಲದ ಗದ್ದಲ ಅಂತ ಮೊದಲು ಬೈದುಕೊಂಡು, ಆಮೇಲೆ 1978ರಲ್ಲಿ ಅದಕ್ಕೇ ನೊಬೆಲ್ ತೆಗೆದುಕೊಂಡರು. ನಿದ್ದೆಗೂ ಇದಕ್ಕೂ ಸಂಬಂಧ ಇಲ್ಲ. ಹೇಳದೆ ಇರಲಾಗಲಿಲ್ಲ, ಅಷ್ಟೇ.

ಪರದೆ ಹಾಕುವ ಕೆಲಸ

ನಾಯ್ಸ್ ನಿದ್ದೆ ತರುವ ಗುಳಿಗೆ ಅಂತ ಆ್ಯಪ್‌ಗಳು ಮಾರುತ್ತವೆ. ಅದು ಮಾಡುವ ಕೆಲಸ ಅದಕ್ಕಿಂತ ಸಾದಾ: ಪರದೆ ಹಾಕುತ್ತದೆ.

ಸದ್ದಿಲ್ಲದ ಕೋಣೆ 30 ಡೆಸಿಬೆಲ್ ಅಂದುಕೊಳ್ಳಿ. ಹೊರಗೆ ನಾಯಿ ಬೊಗಳಿದಾಗ ಕೋಣೆಯೊಳಗೆ 55 ಆಯಿತು. ಮಿದುಳಿಗೆ ಸಿಕ್ಕಿದ್ದು 25 ಡೆಸಿಬೆಲ್ ಜಿಗಿತ. ಹತ್ತು ಡೆಸಿಬೆಲ್ ಏರಿದರೆ ಶಕ್ತಿ ಹತ್ತು ಪಟ್ಟು, ಕಿವಿಗೆ ಸುಮಾರು ಎರಡು ಪಟ್ಟು ಜೋರು. ಅಂದರೆ 25 ಸಣ್ಣ ಜಿಗಿತ ಅಲ್ಲ. ಈಗ ಅದೇ ಕೋಣೆಯಲ್ಲಿ ಫ್ಯಾನ್ 45ರಲ್ಲಿ ಒಂದೇ ಸಮ ತಿರುಗುತ್ತಿದೆ. ನಾಯಿ ಅಷ್ಟೇ ಬೊಗಳಿತು. ಜಿಗಿತ 10ಕ್ಕೆ ಇಳಿಯಿತು. ನಾಯಿ ಸುಮ್ಮನಾಗಲಿಲ್ಲ, ನೆಲ ಮೇಲೆ ಬಂತು.

ನಿದ್ದೆಯಲ್ಲೂ ಕಿವಿಗೆ ಬಾಗಿಲಿಲ್ಲ. ಸಪ್ಪಳ ಒಳಗೆ ಹೋಗುತ್ತಲೇ ಇರುತ್ತದೆ. ಅದನ್ನು ಮೇಲಕ್ಕೆ ಬಿಡಬೇಕೋ ಬೇಡವೋ ಅಂತ ಥಾಲಮಸ್ ಎಂಬ ಭಾಗ ಕಾವಲು ಕಾಯುತ್ತದೆ. ನಿದ್ದೆಯಲ್ಲಿ ಅದು ಆಗಾಗ 'ಸ್ಪಿಂಡಲ್' ಎಂಬ ಚಿಕ್ಕ ಚಿಕ್ಕ ಅಲೆ ಎಬ್ಬಿಸುತ್ತದೆ. ಯಾರಲ್ಲಿ ಈ ಸ್ಪಿಂಡಲ್‌ಗಳು ಜಾಸ್ತಿಯೋ ಅವರು ಗದ್ದಲದಲ್ಲೂ ಮಲಗಿಯೇ ಇರುತ್ತಾರೆ ಅಂತ 2010ರಲ್ಲಿ ಹಾರ್ವರ್ಡ್‌ನ ಸಂಶೋಧಕರು ತೋರಿಸಿದರು. ಬಾಜಾ ಭಜಂತ್ರಿಗೂ ಏಳದ ಒಬ್ಬ ಕಾಕಾ ಎಲ್ಲರ ಮನೆಯಲ್ಲೂ ಇರುತ್ತಾರೆ, ಅಲ್ವಾ? ಅವರ ಪುಣ್ಯ ಅಲ್ಲಿದೆ. ಉಳಿದವರಿಗೆ ಪರದೆ ಬೇಕು.

ಈಗ ಬಣ್ಣಕ್ಕೆ ಬರೋಣ. ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಕಾಕ್ಲಿಯಾ ಇದೆ. ದಪ್ಪ ದನಿಗೆ ಅದರ ಒಂದು ತುದಿ ಅಲುಗುತ್ತದೆ, ಸಣ್ಣ ದನಿಗೆ ಇನ್ನೊಂದು ತುದಿ. ಇದನ್ನು ಕಂಡುಹಿಡಿದ ಬೆಕೆಶಿಗೆ 1961ರಲ್ಲಿ ನೊಬೆಲ್ ಬಂತು. ಒಂದು ದನಿಯನ್ನು ಮುಚ್ಚಬೇಕಾದರೆ ಅದೇ ಜಾಗದ ಹತ್ತಿರ ಅಲುಗಿಸುವ ಸಪ್ಪಳ ಬೇಕು, ದೂರದ್ದು ಉಪಯೋಗಕ್ಕೆ ಬರುವುದಿಲ್ಲ ಅಂತ ಬೆಲ್ ಲ್ಯಾಬ್ಸ್‌ನ ಹಾರ್ವಿ ಫ್ಲೆಚರ್ 1940ರಲ್ಲೇ ತೋರಿಸಿದ್ದರು.

ಇದರ ಅರ್ಥ ಏನು? ಬಣ್ಣ ಆರಿಸುವ ಮೊದಲು ನಿಮ್ಮನ್ನು ಕಾಡುವುದು ಯಾವ ಸಪ್ಪಳ ಅಂತ ನೋಡಿಕೊಳ್ಳಿ. ನಮ್ಮ ಮನೆಯ ಗೂಡ್ಸ್ ಗಾಡಿ, ಪಕ್ಕದ ಬಿಲ್ಡಿಂಗಿನ ಜನರೇಟರ್, ದೂರದ ಲಾರಿಗಳ ಗುಡುಗುಡು ಎಲ್ಲ ಕೆಳಗಿನ ಮನೆಗಳವು. ಅವಕ್ಕೆ ಬ್ರೌನ್ ಒಳ್ಳೆಯ ಪರದೆ. ಮಂದಿಯ ಮಾತು, ಅದರಲ್ಲೂ ಅರ್ಥ ತಿಳಿಯುವಂತೆ ಮಾಡುವ ಕ, ಚ, ಟ, ತಗಳು ಇರುವುದು ಹೆಚ್ಚಾಗಿ 500ರಿಂದ 4,000 ಹರ್ಟ್ಸ್ ನಡುವೆ. ಬ್ರೌನ್‌ನಲ್ಲಿ ಆ ಮನೆಗಳಿಗೆ ಹೋಗುವುದು ತೀರಾ ಕಡಿಮೆ ರೊಟ್ಟಿ. ಹಾಗಾಗಿ ಪಿಜಿಯಲ್ಲಿ ಪಕ್ಕದ ಮಂಚದವಳ ಫೋನ್ ಮಾತು ಮುಚ್ಚಲು ಬ್ರೌನ್ ಹಚ್ಚಿದರೆ ಮಾತು ಅದರ ಮೇಲೆ ತೇಲಿ ಬರುತ್ತದೆ. ಅಲ್ಲಿ ಪಿಂಕ್ ಬೇಕು. ಹಾರ್ನು, ಸೀಟಿ, ಪಾತ್ರೆ ಸದ್ದಿಗೆ ಪಿಂಕ್ ಅಥವಾ ವೈಟ್. ಇಷ್ಟು ವಿಷಯವನ್ನು ಯಾವ ಆ್ಯಪೂ ಹೇಳಲಿಲ್ಲ ಅನ್ನುವುದು ನನ್ನ ತಕರಾರು.

ಇನ್ನೊಂದು ಮೋಸ ಇದೆ, ಅದು ಯಾರೂ ಬೇಕಂತ ಮಾಡಿದ್ದಲ್ಲ. ಬ್ರೌನ್‌ನ ಅರ್ಧ ರೊಟ್ಟಿ ಇರುವುದು 20ರಿಂದ 40 ಹರ್ಟ್ಸ್‌ನಲ್ಲಿ. ಫೋನಿನ ಅಂಗುಷ್ಠದಷ್ಟು ಸ್ಪೀಕರ್‌ಗೆ ಆ ದನಿ ಹೊರಡಿಸಲು ಆಗುವುದೇ ಇಲ್ಲ. ಕೆಳಗಿನ ಮೂರ್ನಾಲ್ಕು ಮನೆಯ ಪಾಲು ಅಲ್ಲೇ ಮಾಯ. ಪರದೆಯ ಮೇಲೆ ಬ್ರೌನ್ ಅಂತ ಬರೆದಿರುತ್ತದೆ, ಕಿವಿಗೆ ಬರುವುದು ಸಪ್ಪೆ ಸಿರಸಿರ. ಸ್ವಲ್ಪ ದೊಡ್ಡ ಸ್ಪೀಕರ್‌ನಲ್ಲಿ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಸೌಂಡ್ ಸಿಸ್ಟಮ್ ನಡೆಸುವ ಗೆಳೆಯನೊಬ್ಬ ಮದುವೆ ಹಾಲ್‌ಗಳಲ್ಲಿ ಕಾರ್ಯಕ್ರಮಕ್ಕೆ ಮೊದಲು ಇದೇ ಪಿಂಕ್ ನಾಯ್ಸ್ ಹಚ್ಚಿ ಸ್ಪೀಕರ್ ಹದ ಮಾಡುತ್ತಾನೆ. ಹತ್ತೂ ಮನೆಗೆ ಸಮ ರೊಟ್ಟಿ ಕಳಿಸಿದರೆ ಯಾವ ಮನೆಗೆ ಕಡಿಮೆ ಮುಟ್ಟಿತು ಅಂತ ಮೀಟರ್‌ನಲ್ಲಿ ಕಾಣುತ್ತದಲ್ಲ, ಅದಕ್ಕೆ. "ನಾವು ಇಪ್ಪತ್ತು ವರ್ಷದಿಂದ ಹಚ್ಚಾಕತ್ತೀವಿ, ಒಬ್ರೂ ಮಲಗಿಲ್ಲ" ಅಂದ.

ಖರೇ ಎಷ್ಟು, ಜಾಹೀರಾತು ಎಷ್ಟು

ನಿದ್ದೆಯ ವಿಷಯದಲ್ಲಿ ಪುರಾವೆ ಬಡಕಲು. ನಾಯ್ಸ್ ಹಚ್ಚಿ ಮಲಗುವುದರ ಬಗ್ಗೆ ಬಂದ 38 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2021ರ ಒಂದು ಪರಿಶೀಲನೆ, ಪುರಾವೆಯ ಗುಣಮಟ್ಟ ತೀರಾ ಕಡಿಮೆ ಅಂತ ಬರೆಯಿತು. ಕೆಲವರಿಗೆ ಬೇಗ ನಿದ್ದೆ ಬಂತು, ಕೆಲವರಿಗೆ ಏನೂ ಆಗಲಿಲ್ಲ, ಕೆಲವರ ನಿದ್ದೆ ಕೆಟ್ಟಿತು. ಹೊರಗೆ ಗದ್ದಲ ಇರುವವರಿಗೆ ಪರದೆಯಿಂದ ಲಾಭ ಆಗುವುದು ಅರ್ಥವಾಗುತ್ತದೆ. ಈಗಾಗಲೇ ಸದ್ದಿಲ್ಲದ ಊರಲ್ಲಿ ಚೆನ್ನಾಗಿ ಮಲಗುವವರು ಸುಮ್ನೆ ಯಾಕೆ ಹಚ್ಚಬೇಕು?

ಪಿಂಕ್ ನಾಯ್ಸ್‌ನಿಂದ ನೆನಪಿನ ಶಕ್ತಿ ಅನ್ನುವ ಮಾತಿಗೆ ಒಂದು ಬೇರು ಇದೆ. ಗಾಢ ನಿದ್ದೆಯಲ್ಲಿ ಮಿದುಳಿನಲ್ಲಿ ಸೆಕೆಂಡಿಗೆ ಒಂದರ ಆಸುಪಾಸಿನ ನಿಧಾನ ಅಲೆಗಳು ಏಳುತ್ತವೆ. 2013ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಯಾನ್ ಬಾರ್ನ್ ಅವರ ತಂಡ ಆ ಅಲೆ ಮೇಲೇಳುವ ಹೊತ್ತಿಗೇ ಸರಿಯಾಗಿ ಪಿಂಕ್ ನಾಯ್ಸ್‌ನ ಚಿಕ್ಕ ತುಣುಕು ಕೇಳಿಸಿತು. ಅಲೆ ಗಟ್ಟಿಯಾಯಿತು, ರಾತ್ರಿ ಕಲಿತ ಪದಗಳು ಬೆಳಗ್ಗೆ ಜಾಸ್ತಿ ನೆನಪಿದ್ದವು. 2017ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 60 ದಾಟಿದ 13 ಮಂದಿಯಲ್ಲಿ ಇಂಥದ್ದೇ ಫಲ ಕಂಡರು. ಆದರೆ ಗಮನಿಸಿ. ಅಲ್ಲಿ ತಲೆಗೆ ತಂತಿ ಹಚ್ಚಿ, ಅಲೆ ನೋಡಿ, ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿನಷ್ಟು ಚಿಕ್ಕ ತುಣುಕು ಬಿಟ್ಟಿದ್ದರು. ಜೋಕಾಲಿ ಹಿಂದಕ್ಕೆ ಬಂದಾಗ ಸರಿಯಾದ ಹೊತ್ತಿಗೆ ನೂಕಿದ ಹಾಗೆ. ರಾತ್ರಿಯಿಡೀ ಫೋನ್‌ನಲ್ಲಿ ಪಿಂಕ್ ಸುರಿಯುವುದು ಅಂದರೆ ಜೋಕಾಲಿಯನ್ನು ಎಂಟು ಗಂಟೆ ಒಂದೇ ಸಮ ಒತ್ತಿ ಹಿಡಿದ ಹಾಗೆ. ಅದರ ಫಲ ಇದಕ್ಕೆ ಅಂಟಿಸುವುದು ಜಾಹೀರಾತಿನವರ ಜಾಣತನ.

ಓದಿಗೆ? ಇಲ್ಲಿ ಸಂಗತಿ ಕುತೂಹಲದ್ದು. 2007ರಲ್ಲಿ ಸ್ವೀಡನ್ನಿನ ಗೋರಾನ್ ಸೋಡರ್ಲುಂಡ್ ಮತ್ತು ಜೊತೆಗಾರರು ಎಡಿಎಚ್‌ಡಿ ಇರುವ, ಅಂದರೆ ಗಮನ ನಿಲ್ಲದ ತೊಂದರೆಯ ಮಕ್ಕಳಿಗೆ ವೈಟ್ ನಾಯ್ಸ್ ಕೇಳಿಸಿ ನೆನಪಿನ ಪರೀಕ್ಷೆ ಮಾಡಿದರು. ಅವರು ಮೊದಲಿಗಿಂತ ಚೆನ್ನಾಗಿ ಮಾಡಿದರು. ಅದೇ ಸಪ್ಪಳದಲ್ಲಿ ಉಳಿದ ಮಕ್ಕಳು ಮೊದಲಿಗಿಂತ ಹಿಂದೆ ಬಿದ್ದರು. 2024ರಲ್ಲಿ 13 ಅಧ್ಯಯನಗಳನ್ನು ಸೇರಿಸಿ ಲೆಕ್ಕ ಹಾಕಿದಾಗಲೂ ಅದೇ ಬಂತು: ಗಮನದ ತೊಂದರೆ ಇರುವ ಎಳೆಯರಿಗೆ ವೈಟ್, ಪಿಂಕ್‌ನಿಂದ ಸ್ವಲ್ಪ ಲಾಭ, ಇಲ್ಲದವರಿಗೆ ಸ್ವಲ್ಪ ನಷ್ಟ. ಇನ್ನು ಎಲ್ಲರ ಬಾಯಲ್ಲಿರುವ ಬ್ರೌನ್? ಆ ಲೆಕ್ಕಕ್ಕೆ ಸೇರಿಸಲು ಬ್ರೌನ್ ಮೇಲೆ ಒಂದು ಅಧ್ಯಯನವೂ ಸಿಗಲಿಲ್ಲ.

ಗದ್ದಲದಿಂದ ಲಾಭ ಹೇಗೆ? ಮಂದ ಸಂಕೇತವೊಂದು ಹೊಸ್ತಿಲು ದಾಟಲಾಗದೆ ನಿಂತಿದೆ. ಅದಕ್ಕೆ ಸ್ವಲ್ಪ ನಡುಕ ಸೇರಿಸಿದರೆ ಆಗಾಗ ದಾಟುತ್ತದೆ. ನಡುಕ ಜಾಸ್ತಿಯಾದರೆ ಸಂಕೇತವೇ ಮುಳುಗುತ್ತದೆ. ಜಾಳಿಗೆಯಲ್ಲಿ ರವೆ ಸಾಣಿಸುವಾಗ ಅಲುಗಿಸುತ್ತೇವಲ್ಲ, ಹಾಗೆ: ಅಲುಗಿಸದಿದ್ದರೆ ಇಳಿಯುವುದಿಲ್ಲ, ಜೋರಾಗಿ ಅಲುಗಿಸಿದರೆ ಚೆಲ್ಲುತ್ತದೆ. ಸ್ಟೊಕ್ಯಾಸ್ಟಿಕ್ ರೆಸೊನೆನ್ಸ್ ಅಂತ ಇದಕ್ಕೆ ಹೆಸರು. 1981ರಲ್ಲಿ ಇಟಲಿಯ ವಿಜ್ಞಾನಿಗಳು ಹಿಮಯುಗಗಳು ಯಾಕೆ ಮರಳಿ ಮರಳಿ ಬರುತ್ತವೆ ಅಂತ ವಿವರಿಸಲು ಕಟ್ಟಿದ ಲೆಕ್ಕ ಇದು. ಅದೇ ಲೆಕ್ಕ ಮಕ್ಕಳ ಓದಿಗೂ ಬಂದು ತಲುಪಿತು.

ಸಪ್ತಾಪುರದ ರೀಡಿಂಗ್ ರೂಮಿಗೆ ಹೋಗಿದ್ದೆ. ಸಾಲು ಕ್ಯಾಬಿನ್‌ಗಳು, ಪ್ರತಿಯೊಂದರಲ್ಲೂ ಒಂದು ಬಾಗಿದ ತಲೆ. ಫ್ಯಾನ್ ಸಪ್ಪಳ, ಹಾಳೆ ತಿರುವುವ ಸಪ್ಪಳ, ಯಾರೋ ನೀರಿನ ಬಾಟಲಿ ಇಟ್ಟದ್ದು. ಯಾರ ತಲೆಯೂ ಏಳಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಒಬ್ಬ ಹುಡುಗ ಫೋನ್‌ನಲ್ಲಿ ಮೆಲ್ಲಗೆ "ಹೂಂ ಅವ್ವ, ಉಂಡೀನಿ" ಅಂದ. ನಾಲ್ಕು ತಲೆ ಒಮ್ಮೆಗೇ ಎದ್ದವು. ಅರ್ಥವಾಗುವ ಮಾತು ಓದಿಗೆ ದೊಡ್ಡ ಶತ್ರು. ಮಿದುಳು ಅದನ್ನು ಕೇಳದೆ ಬಿಡಲಾರದು. ನಾಯ್ಸ್‌ನಿಂದ ಓದುವವರಿಗೆ ಸಿಗುವ ದೊಡ್ಡ ಲಾಭ ಇಷ್ಟೇ ಅಂತ ನನಗೆ ಅನಿಸುತ್ತದೆ: ಮಾತಿನ ಅಕ್ಷರಗಳನ್ನು ಅಳಿಸಿಹಾಕುವುದು.

ಇಲ್ಲಿ ಯಾರಾದರೂ ತಂಬೂರಿ ಹಚ್ಚಬಹುದಲ್ಲ ಅಂತ ಕೇಳುತ್ತಾರೆ. ಹಚ್ಚಬಹುದು, ಹಿತವಾಗಿಯೂ ಇರುತ್ತದೆ. ಆದರೆ ತಂಬೂರಿಯ ದನಿ ಕೆಲವೇ ಸ್ವರಗಳ ಮೇಲೆ ನಿಂತದ್ದು, ನಡುವೆ ಸಂದಿ ಜಾಸ್ತಿ. ಮಾತು ಆ ಸಂದಿಯಿಂದ ನುಸುಳಿ ಬರುತ್ತದೆ. ನಾಯ್ಸ್‌ಗೆ ಶ್ರುತಿಯೇ ಇಲ್ಲ, ಹಾಗಾಗಿ ಸಂದಿಯೂ ಇಲ್ಲ. ಅಂದಹಾಗೆ ಸಂಗೀತಕ್ಕೂ ಪಿಂಕ್‌ಗೂ ಬೇರೊಂದು ನಂಟಿದೆ. 1975ರಲ್ಲಿ ವಾಸ್ ಮತ್ತು ಕ್ಲಾರ್ಕ್ ಎಂಬಿಬ್ಬರು ಸಂಗೀತದಲ್ಲಿ ದನಿಯ ಏರಿಳಿತ ಹೇಗೆ ಸಾಗುತ್ತದೆ ಅಂತ ಅಳೆದರು. ಪಿಂಕ್‌ನ ಲೆಕ್ಕವೇ ಬಂತು. ಪೂರ್ತಿ ಗೊತ್ತುಗುರಿ ಇಲ್ಲದ್ದೂ ಅಲ್ಲ, ಪೂರ್ತಿ ಊಹಿಸಬಹುದಾದದ್ದೂ ಅಲ್ಲ, ನಡುವಿನದು.

ಗಿರಣಿ ಮನೆಯ ಕೂಸು

ನಮ್ಮ ಓಣಿಯ ಹಿಟ್ಟಿನ ಗಿರಣಿ ಹಿಂದೆ ಒಂದು ತೊಟ್ಟಿಲು ಕಟ್ಟಿರುತ್ತಿತ್ತು. ಗಿರಣಿ ನಡೆಯುವಾಗ ಕೂಸು ಗಡದ್ದಾಗಿ ಮಲಗಿರುತ್ತಿತ್ತು. ಬೆಲ್ಟ್ ನಿಂತರೆ ಅಳು ಶುರು. ಎಲ್ಲರೂ ನಗುತ್ತಿದ್ದರು. 1990ರಲ್ಲಿ ಬ್ರಿಟನ್ನಿನ ವೈದ್ಯರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಆಗಷ್ಟೇ ಹುಟ್ಟಿದ 40 ಕೂಸುಗಳಲ್ಲಿ 20ಕ್ಕೆ ವೈಟ್ ನಾಯ್ಸ್ ಕೇಳಿಸಿದರು. ಐದು ನಿಮಿಷದೊಳಗೆ ಅವುಗಳಲ್ಲಿ 16 ಮಲಗಿದವು. ಕೇಳಿಸದ 20ರಲ್ಲಿ ಮಲಗಿದ್ದು 5. ಕೂಸು ಅತ್ತಾಗ ಅಜ್ಜಿಯರು ಎದೆಗವಚಿಕೊಂಡು 'ಶ್‌ಶ್‌ಶ್' ಅನ್ನುವುದೂ ನಾಯ್ಸೇ ಅಲ್ಲವೇ?

ಆದರೆ ಗಿರಣಿಯ ಆ ತೊಟ್ಟಿಲು ನೆನಪಾದರೆ ಈಗ ನಗು ಬರುವುದಿಲ್ಲ. 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕೂಸುಗಳಿಗಾಗಿಯೇ ಮಾರುವ 14 ನಾಯ್ಸ್ ಯಂತ್ರಗಳ ಅಳತೆ ಬಂತು. ಪೂರ್ತಿ ಜೋರು ಇಟ್ಟಾಗ, ಒಂದಡಿ ದೂರದಲ್ಲಿ, ಎಲ್ಲವೂ 50 ಡೆಸಿಬೆಲ್ ದಾಟಿದವು. ಅದು ಆಸ್ಪತ್ರೆಗಳ ಶಿಶು ವಿಭಾಗಕ್ಕೆ ಹಾಕಿದ ಮಿತಿ. ಮೂರು ಯಂತ್ರ 85 ದಾಟಿದವು. 85 ಅಂದರೆ ಕಾರ್ಖಾನೆಯಲ್ಲಿ ಎಂಟು ಗಂಟೆ ಕೆಲಸ ಮಾಡುವ ದೊಡ್ಡವರ ಕಿವಿಗೇ ಕೊನೆಯ ಗೆರೆ. ಕೂಸಿನ ಕೋಣೆಯಲ್ಲಿ ಹಚ್ಚುವುದೇ ಆದರೆ ತೊಟ್ಟಿಲಿಂದ ಕನಿಷ್ಠ ಏಳು ಅಡಿ ದೂರ, ದನಿ ಸಣ್ಣದು, ಮಲಗಿದ ಮೇಲೆ ಬಂದ್.

ದೊಡ್ಡವರಿಗೂ ಅಷ್ಟೇ. ನಮ್ಮ ದೇಶದ 2000ನೇ ಇಸವಿಯ ಶಬ್ದ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಇರುವ ಮಿತಿ 45 ಡೆಸಿಬೆಲ್. ಓಣಿಗೆ ಹಾಕಿದ ಗೆರೆಯನ್ನು ನಾವೇ ಹಾಸಿಗೆ ಪಕ್ಕದಲ್ಲಿ ದಾಟುವುದು ಸರಿಯಲ್ಲ. ಹೊರಗಿನ ಡಿಜೆ ಮುಚ್ಚಲು ನಾಯ್ಸ್ ಏರಿಸುತ್ತಾ ಹೋದರೆ ಕೊನೆಗೆ ನಮ್ಮ ಕೋಣೆಯಲ್ಲೂ ಒಂದು ಡಿಜೆ ಆಗುತ್ತದೆ. ಪಕ್ಕದಲ್ಲಿ ಮಲಗಿದವರ ಪಿಸುಮಾತು ಕೇಳುವಷ್ಟು ಸಣ್ಣದಿರಲಿ. ಇಯರ್‌ಫೋನ್ ಸಿಕ್ಕಿಸಿಕೊಂಡು ರಾತ್ರಿಯಿಡೀ ಮಲಗಬೇಡಿ. ಕಿವಿಯಲ್ಲಿ ಸದಾ ಗುಂಯ್ ಅನ್ನುವ ತೊಂದರೆ ಇರುವವರಿಗೂ ಇಂಥ ಸಪ್ಪಳದಿಂದ ಆರಾಮ ಸಿಗುವುದುಂಟು. ಆದರೆ ಅವರು ಮೊದಲು ಕಿವಿ ಡಾಕ್ಟರನ್ನು ಕಾಣಬೇಕು.

ನನ್ನ ಅನುಭವ ಎರಡು ಮಾತಲ್ಲಿ. ಮೊದಲ ರಾತ್ರಿ ಉಚಿತ ವಿಡಿಯೊವೊಂದನ್ನು ಹಚ್ಚಿ ಮಲಗಿದೆ. ರಾತ್ರಿ ಎರಡಕ್ಕೆ ನಡುವೆ ಜಾಹೀರಾತು ಬಂದು ಒಬ್ಬ ಮನುಷ್ಯ ಸಾಲ ಬೇಕೇ ಅಂತ ಕೂಗಿದ. ಹಾಸಿಗೆಯಿಂದ ಬೀಳುವುದೊಂದು ಬಾಕಿ. ಎರಡನೇ ರಾತ್ರಿ ಒಂದು ಆ್ಯಪ್. ಅದರಲ್ಲಿ ಅರ್ಧ ನಿಮಿಷದ ತುಣುಕನ್ನೇ ಮತ್ತೆ ಮತ್ತೆ ತಿರುಗಿಸುತ್ತಿದ್ದರು. ಜೋಡಣೆಯ ಜಾಗದಲ್ಲಿ ಒಂದು ಸಣ್ಣ 'ಟಿಕ್'. ಒಮ್ಮೆ ಅದು ಕಿವಿಗೆ ಬಿದ್ದ ಮೇಲೆ ಮುಗಿಯಿತು, ಮುಂದಿನ ಟಿಕ್‌ಗಾಗಿ ಕಾಯುತ್ತಾ ಮಲಗುವುದೇ ಕೆಲಸವಾಯಿತು. ಉದ್ದದ ಧ್ವನಿಮುದ್ರಣವನ್ನು ಡೌನ್‌ಲೋಡ್ ಮಾಡಿ, ಮೆಲ್ಲಗೆ ಇಳಿದು ನಿಲ್ಲುವ ಹಾಗೆ ಟೈಮರ್ ಇಟ್ಟ ಮೇಲೆ ಸರಿಹೋಯಿತು. ಥಟ್ಟನೆ ನಿಲ್ಲುವ ಟೈಮರ್ ಬೇಡ, ಅದು ಕರೆಂಟ್ ಹೋದ ಹಾಗೇ.

ಅಕ್ಕನ ಮಗಳಿಗೆ ಫೋನ್ ಮಾಡಿ ಹೇಳಿದೆ: ಬ್ರೌನ್ ಬಿಡು, ಪಿಂಕ್ ಸಣ್ಣಗೆ ಹಚ್ಚು, ಅದೂ ಪಕ್ಕದವಳು ಫೋನ್ ಹಿಡಿದಾಗ ಮಾತ್ರ. "ಆಕಿ ಫೋನ್ ಇಡೂದss ಇಲ್ಲ ಮಾಮಾ" ಅಂದಳು.

ಈ ಬೇಸಿಗೆಗೆ ನಾವು ಇನ್ವರ್ಟರ್ ಹಾಕಿಸಿದೆವು. ಕಡಿಮೆ ಬೆಲೆಯದು, ಸ್ಕ್ವೇರ್ ವೇವ್. ಈಗ ಕರೆಂಟ್ ಹೋದರೂ ಫ್ಯಾನ್ ನಿಲ್ಲುವುದಿಲ್ಲ, ಗಾಳಿ ಬರುತ್ತಲೇ ಇರುತ್ತದೆ. ಆದರೆ ಇಂಥ ಇನ್ವರ್ಟರ್‌ನ ಕರೆಂಟಿಗೆ ಫ್ಯಾನಿನ ಮೋಟರ್ ಸಣ್ಣಗೆ 'ಗುಂಯ್' ಅನ್ನುತ್ತದೆ. ಮೊನ್ನೆ ರಾತ್ರಿ ಮೂರು ಗಂಟೆ. ಫ್ಯಾನಿನ ದನಿ ಬದಲಾಯಿತು. ಒಳಕೋಣೆಯಿಂದ ಅವ್ವ ಕೇಳಿದಳು: "ಕರೆಂಟ್ ಹೋತೇನೋ?"